ಸರ್ವೆ ನಂಬರು ತಾರೀಕಾದರೆ: ಗಣಕಯಂತ್ರದ ಲೆಕ್ಕದ ತಖ್ತೆಯ ದೋಷಗಳು ಮತ್ತು ಪರಿಹಾರ



ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮ, ಅರೇಬಿಕಾ ಗಿಡಕ್ಕೆ ತಗಲುವ ಬಿಳಿ ಕಾಂಡಕೊರಕದ ಹತೋಟಿ ಮೊದಲಾದ ವಿಷಯಗಳನ್ನು ಹಿಂದಿನ ಸಂಚಿಕೆಗಳಲ್ಲಿ ಪಾಠರೂಪವಾಗಿ ಬರೆದಿದ್ದೆವು. ಈ ಸಲ ತೋಟದ ರೋಗವನ್ನು ಬಿಟ್ಟು ಲೆಕ್ಕದ ರೋಗವೊಂದನ್ನು ಎತ್ತಿಕೊಂಡಿದ್ದೇವೆ. ಈಚೆಗೆ ಸಂಘಕ್ಕೆ ಬರುವ ಪಟ್ಟಿಗಳಲ್ಲಿ ಕೈಬರಹದವು ಕಡಿಮೆಯಾಗಿ, ಎಕ್ಸೆಲ್ ತಖ್ತೆಯಲ್ಲಿ ಬೆರಳಚ್ಚು ಮಾಡಿ ಕಳುಹಿಸಿದವು ಹೆಚ್ಚಾಗಿವೆ. ಊರಿನ ಅಡಿಕೆಯನ್ನು ಒಟ್ಟುಗೂಡಿಸಿ ತರುವವರು, ಸ್ವಸಹಾಯ ಗುಂಪಿನವರು, ಮನೆಯಲ್ಲಿ ಓದಿದ ಮಕ್ಕಳಿರುವವರು ಎಲ್ಲರೂ ಈಗ ಹೀಗೆಯೇ ಕಳುಹಿಸುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಆ ಪಟ್ಟಿಗಳನ್ನು ಬಿಚ್ಚಿದಾಗ ಸರ್ವೆ ನಂಬರು ಇರಬೇಕಾದಲ್ಲಿ ತಾರೀಕು, ಖಾತೆ ಸಂಖ್ಯೆ ಇರಬೇಕಾದಲ್ಲಿ ಅರ್ಥವಾಗದ ದಶಾಂಶ, ಹೆಸರು ಇರಬೇಕಾದಲ್ಲಿ ವಿಚಿತ್ರ ಅಕ್ಷರಗಳ ರಾಶಿ ಕಾಣುವುದು ಸಾಮಾನ್ಯವಾಗಿಬಿಟ್ಟಿದೆ. ಬರೆದವರಿಗೆ ಕೂಡುವ ಕಳೆಯುವ ಲೆಕ್ಕ ಬಾರದೆ ಹೀಗಾದದ್ದಲ್ಲ. ಯಂತ್ರದ ಸ್ವಭಾವ ತಿಳಿಯದೆ ಇದ್ದುದರಿಂದ ಆದದ್ದು.

ನಮ್ಮ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುವ ತರುಣರು ಕಲಬುರಗಿ ಪಟ್ಟಣದ ಜೇವರ್ಗಿ ಕಾಲೋನಿಯವರು. ಅಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ಅದು ತೊಗರಿಯ ಸೀಮೆ. ಇಲ್ಲಿಗೆ ಬರುವ ಮುಂಚೆ ತೊಗರಿ ಬೆಳೆಗಾರರ ಪಟ್ಟಿಗಳನ್ನು ಬರೆದು ಪಳಗಿದವರು. ನಮ್ಮ ಸದಸ್ಯರ ಪಟ್ಟಿಗಳನ್ನು ಮೊದಲ ಸಲ ನೋಡಿದಾಗ ಅವರು ಹೇಳಿದ್ದು ಇಷ್ಟೇ: “ಬೆಳಿ ಬ್ಯಾರೆ ಇರಬಹುದ್ರಿ, ರೋಗ ಒಂದೇ ಅದ.” ಅವರು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನೂ ನಮ್ಮ ಕಚೇರಿಯಲ್ಲಿ ಕಂಡ ಸಂಗತಿಗಳನ್ನೂ ಸೇರಿಸಿ ಈ ಪಾಠವನ್ನು ಸಿದ್ಧಪಡಿಸಿದ್ದೇವೆ.

ಕಾಳು ಬೇರೆ, ಚೀಲದ ಚೀಟಿ ಬೇರೆ

ಗೋದಾಮಿನಲ್ಲಿ ಕಾಫಿ ಚೀಲಕ್ಕೆ ಒಂದು ಚೀಟಿ ಕಟ್ಟಿರುತ್ತೇವಷ್ಟೆ. ಚೀಲದೊಳಗೆ ಇರುವುದು ಕಾಳು. ಹೊರಗೆ ಕಾಣುವುದು ಚೀಟಿ. ಚೀಟಿಯ ಮೇಲೆ ‘ಪಾರ್ಚ್‌ಮೆಂಟ್’ ಎಂದು ಬರೆದ ಮಾತ್ರಕ್ಕೆ ಒಳಗಿನ ಚೆರ್ರಿ ಪಾರ್ಚ್‌ಮೆಂಟ್ ಆಗುವುದಿಲ್ಲ. ಲೆಕ್ಕದ ತಖ್ತೆಯಲ್ಲಿಯೂ ಹಾಗೆಯೇ. ಚೌಕಾಬಾರದ ಮನೆಗಳಂತೆ ಅದರಲ್ಲಿ ಸಾಲು ಮತ್ತು ಅಂಕಣಗಳು ಕೂಡಿದ ಕಡೆ ಒಂದೊಂದು ಮನೆ ಇರುತ್ತದೆ. ಪ್ರತಿ ಮನೆಯಲ್ಲಿ ಯಂತ್ರ ನಿಜವಾಗಿ ಕೂಡಿಟ್ಟಿರುವ ಮೌಲ್ಯ ಒಂದು, ಅದಕ್ಕೆ ತೊಡಿಸಿದ ಉಡುಪು ಇನ್ನೊಂದು. ಈ ಉಡುಪಿಗೇ ‘ಫಾರ್ಮ್ಯಾಟ್’ ಎಂದು ಹೆಸರು. ಮನೆಯನ್ನು ಆರಿಸಿ ಕಂಟ್ರೋಲ್ ಕೀಲಿಯೊಡನೆ 1 ಒತ್ತಿದರೆ ಯಾವ ಉಡುಪು ತೊಡಿಸಿದೆ ಎಂಬುದು ಕಾಣುತ್ತದೆ. ಜನರಲ್, ನಂಬರ್, ಡೇಟ್, ಟೆಕ್ಸ್ಟ್ ಮುಂತಾದ ಹೆಸರುಗಳು ಅಲ್ಲಿರುತ್ತವೆ.

ತಾರೀಕು ಎಂಬುದು ಸಂಪೂರ್ಣವಾಗಿ ಉಡುಪಿನ ಮಾತು. ಯಂತ್ರದ ಮನಸ್ಸಿನಲ್ಲಿ ತಾರೀಕೆಂಬುದೇ ಇಲ್ಲ; 1900ನೆಯ ಇಸವಿ ಜನವರಿ 1ನ್ನು 1 ಎಂದು ಹಿಡಿದು ದಿನಗಳನ್ನು ಎಣಿಸಿಕೊಂಡು ಬಂದ ಸಂಖ್ಯೆಯಷ್ಟೇ ಇದೆ. ನಮ್ಮೆಲ್ಲರಿಗೂ ಗೊತ್ತಿರುವ ಕ್ಯಾಂಪ್ಕೋ ಸಂಸ್ಥೆ ಸ್ಥಾಪನೆಯಾದದ್ದು 1973ರ ಜುಲೈ 11ರಂದು. ಆ ತಾರೀಕನ್ನು ಒಂದು ಮನೆಯಲ್ಲಿ ಬರೆದು ಉಡುಪನ್ನು ‘ಜನರಲ್’ ಎಂದು ಬದಲಾಯಿಸಿ ನೋಡಿ, 26856 ಎಂದು ಕಾಣುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಮುಂದಿನ ಮುಕ್ಕಾಲು ಪಾಠ ತಾನೇ ತಿಳಿಯುತ್ತದೆ. (ತಮಾಷೆಯೆಂದರೆ, 1900 ಅಧಿಕ ವರ್ಷವಲ್ಲದಿದ್ದರೂ ಎಕ್ಸೆಲ್ ಆ ವರ್ಷದ ಫೆಬ್ರವರಿಗೆ 29 ದಿನ ಲೆಕ್ಕ ಹಾಕುತ್ತದೆ. ಮುಂಚೆ 1983ರಲ್ಲಿ ಬಂದಿದ್ದ ಲೋಟಸ್ 1-2-3 ಎಂಬ ತಖ್ತೆಯಲ್ಲಿ ಇದ್ದ ತಪ್ಪನ್ನು, ಅದರ ಕಡತಗಳಿಗೆ ಹೊಂದಿಕೆಯಾಗಲೆಂದು ತಿಳಿದೇ ಉಳಿಸಿಕೊಂಡದ್ದು. ಹಳೆಯ ಶ್ಯಾನುಭೋಗರ ತಪ್ಪನ್ನು ಹೊಸ ಶ್ಯಾನುಭೋಗರು ಮುಂದುವರಿಸಿದ ಹಾಗೆ.)

ಇನ್ನೊಂದು ಗುರುತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ನಾವು ಬೇರೇನೂ ಹೇಳದಿದ್ದರೆ ಯಂತ್ರ ಅಕ್ಷರವೆಂದು ತಿಳಿದದ್ದನ್ನು ಮನೆಯ ಎಡಗೋಡೆಗೆ ಒರಗಿಸಿ, ಸಂಖ್ಯೆಯೆಂದೋ ತಾರೀಕೆಂದೋ ತಿಳಿದದ್ದನ್ನು ಬಲಗೋಡೆಗೆ ಒರಗಿಸಿ ಇಡುತ್ತದೆ. ಒಂದೇ ಅಂಕಣದಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ವಾಲಿದ್ದರೆ ಅಲ್ಲಿ ರೋಗವಿದೆಯೆಂದೇ ತಿಳಿಯತಕ್ಕದ್ದು. ನಡುವೆ ಚೆಂದವಾಗಿ ಕಾಣಲೆಂದು ಎಲ್ಲವನ್ನೂ ಮಧ್ಯಕ್ಕೆ ತಂದು ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಈ ಗುರುತೇ ಅಳಿಸಿಹೋಗುತ್ತದೆ. ಪಟ್ಟಿ ಪೂರ್ತಿ ತಾಳೆ ನೋಡುವ ತನಕ ಅದನ್ನು ಮಾಡಬೇಡಿ.

ಸರ್ವೆ ನಂಬರಿನ ಸಂಕಟ

ಸರ್ವೆ ನಂಬರು 12, ಹಿಸ್ಸಾ 3. ಇದನ್ನು ನಾವೆಲ್ಲರೂ 12/3 ಎಂದು ಬರೆಯುತ್ತೇವೆ. ತಖ್ತೆಯಲ್ಲಿ ಹಾಗೆ ಬರೆದು ಎಂಟರ್ ಒತ್ತಿದ ಕೂಡಲೇ ಅದು ಮಾರ್ಚ್ 12 ಆಗಿಬಿಡುತ್ತದೆ. 12-3 ಎಂದು ಅಡ್ಡಗೀಟು ಹಾಕಿ ಬರೆದರೂ ಅದೇ ಗತಿ. ಪಕ್ಕದ ಸಾಲಿನ 145/2 ಮಾತ್ರ ಇದ್ದ ಹಾಗೆಯೇ ಉಳಿಯುತ್ತದೆ, ಏಕೆಂದರೆ 145ನೆಯ ತಾರೀಕೆಂಬುದಿಲ್ಲ. ಹೀಗೆ ಒಂದೇ ಅಂಕಣದಲ್ಲಿ ಅರ್ಧ ಸರಿ, ಅರ್ಧ ತಪ್ಪು. ದೊಡ್ಡ ನಂಬರಿನವರು ಪಾರು, ಸಣ್ಣ ನಂಬರಿನವರು ಸಿಕ್ಕಿಬಿದ್ದರು ಎಂಬಂತಾಗುತ್ತದೆ.

ಇದನ್ನು ಕಂಡು ಗಾಬರಿಯಾದವರು ಸಾಮಾನ್ಯವಾಗಿ ಮಾಡುವುದು ಉಡುಪನ್ನು ‘ಟೆಕ್ಸ್ಟ್’ ಎಂದು ಬದಲಾಯಿಸುವುದು. ಆಗ 12/3 ಮರಳಿ ಬಾರದೆ 45728ರಂತಹ ಐದಂಕಿಯ ಸಂಖ್ಯೆ ಕಾಣುತ್ತದೆ. ಇದು 2025ರ ಮಾರ್ಚ್ 12ರ ದಿನಸಂಖ್ಯೆ. ಎಂಟರ್ ಒತ್ತಿದ ಗಳಿಗೆಯಲ್ಲೇ ಕಾಳು ಬದಲಾಗಿತ್ತು. ಈಗ ಚೀಟಿ ಬದಲಾಯಿಸಿ ಫಲವಿಲ್ಲ. ಇಂತಹ ಪಟ್ಟಿ ನಮ್ಮ ಕೈಗೆ ಬಂದು, ಅದರಲ್ಲಿ ಸರ್ವೆ ನಂಬರು 45728 ಎಂದಿದ್ದರೆ ಅಂತಹ ಸರ್ವೆ ನಂಬರು ನಮ್ಮ ಗ್ರಾಮಗಳಲ್ಲಿ ಎಲ್ಲಿಯೂ ಇಲ್ಲವೆಂದು ತಿಳಿದು ಹಿಂದಕ್ಕೆ ಕಳುಹಿಸುತ್ತೇವೆ. ಹವಾಮಾನ ಆಧಾರಿತ ಬೆಳೆ ವಿಮೆಗೋ ಸಹಾಯಧನಕ್ಕೋ ನೇರವಾಗಿ ಹೋದ ಪಟ್ಟಿಯಾದರೆ ಹೀಗೆ ಹಿಂದಕ್ಕೆ ಕಳುಹಿಸುವವರು ಇರುತ್ತಾರೆಂಬ ಭರವಸೆಯಿಲ್ಲ. ಪಹಣಿಗೆ ತಾಳೆಯಾಗದ ಅರ್ಜಿ ಮೂಲೆಗೆ ಬೀಳುತ್ತದೆ, ಅಷ್ಟೆ.

ಮಾರ್ಚ್ 12 ಆದದ್ದನ್ನು ಮರಳಿ ಪಡೆಯಲು ಒಂದು ದಾರಿಯಿದೆ. ಪಕ್ಕದ ಖಾಲಿ ಅಂಕಣದಲ್ಲಿ ‘ಟೆಕ್ಸ್ಟ್’ ಎಂಬ ಸೂತ್ರವನ್ನು ಬರೆದು, ಅದರೊಳಗೆ ಆ ಮನೆಯ ಹೆಸರನ್ನೂ, ಉದ್ಧರಣ ಚಿಹ್ನೆಗಳ ನಡುವೆ ಡಿ, ಓರೆಗೀಟು, ಎಂ ಎಂಬ ಮೂರನ್ನೂ ಕೊಟ್ಟರೆ 12/3 ಅಥವಾ 12-3 ಎಂದು ಅಕ್ಷರರೂಪದಲ್ಲಿ ಬರುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮಲ್ಲಿ ದಿನ ಮೊದಲು, ತಿಂಗಳು ನಂತರ. ಅಮೆರಿಕದವರ ಕ್ರಮದಲ್ಲಿ ತಿಂಗಳು ಮೊದಲು. ಅಂಗಡಿಯಿಂದ ತಂದ ಗಣಕಯಂತ್ರದಲ್ಲಿ ಅಮೆರಿಕದ ಕ್ರಮವೇ ಉಳಿದಿರುವುದು ಅಪರೂಪವೇನಲ್ಲ. ಅಂತಹ ಯಂತ್ರದಲ್ಲಿ ಬರೆದ 12/3 ಡಿಸೆಂಬರ್ 3 ಆಗಿರುತ್ತದೆ. ಮೇಲಿನ ಸೂತ್ರ ಅದನ್ನು 3/12 ಎಂದು ಕೊಡುತ್ತದೆ. ಸರ್ವೆ ನಂಬರು 3ರ ಹಿಸ್ಸಾ 12 ಎಂಬುದು ಇನ್ನಾರದೋ ತೋಟ! ಆದುದರಿಂದ ಸೂತ್ರದಿಂದ ಬಂದದ್ದನ್ನು ಪಹಣಿಯೊಡನೆ ಒಂದೊಂದಾಗಿ ತಾಳೆ ನೋಡದೆ ಬಳಸಕೂಡದು.

ರೋಗ ಬಂದ ಮೇಲಿನ ಔಷಧಿಗಿಂತ ಮಳೆಗೆ ಮುಂಚಿನ ಸಿಂಪರಣೆ ಲೇಸು ಎಂಬುದು ಕೊಳೆರೋಗದಲ್ಲಿ ನಮಗೆಲ್ಲ ಗೊತ್ತಿದೆ. ಇಲ್ಲಿಯೂ ಬರೆಯುವ ಮುಂಚೆಯೇ ಇಡೀ ಅಂಕಣವನ್ನು ಆರಿಸಿ ‘ಟೆಕ್ಸ್ಟ್’ ಉಡುಪನ್ನು ತೊಡಿಸಿಬಿಡಬೇಕು. ಒಂದೆರಡು ಮನೆಗಳಷ್ಟೇ ಆದರೆ ಮೊದಲಿಗೆ ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಿ ಆಮೇಲೆ 12/3 ಎಂದು ಬರೆದರೂ ಆಯಿತು. ಎಂಟರ್ ಕೀಲಿಯ ಎಡಪಕ್ಕದಲ್ಲಿ ಆ ಚಿಹ್ನೆಯಿದೆ. ಅದು ಮನೆಯಲ್ಲಿ ಕಾಣುವುದಿಲ್ಲ, ಮುದ್ರಣದಲ್ಲಿಯೂ ಬರುವುದಿಲ್ಲ. ಇವೆರಡಕ್ಕಿಂತ ಉತ್ತಮವೆಂದು ನಮಗೆ ತೋರುವುದು ಪಹಣಿಯ ಕ್ರಮವನ್ನೇ ಅನುಸರಿಸುವುದು. ಭೂಮಿ ಯೋಜನೆಯ ಪಹಣಿಯಲ್ಲಿ ಸರ್ವೆ ನಂಬರು, ಸರ್ನಾಕ್, ಹಿಸ್ಸಾ ಎಂದು ಮೂರು ಬೇರೆ ಬೇರೆ ಇವೆ. ತಖ್ತೆಯಲ್ಲಿಯೂ ಮೂರು ಅಂಕಣ ಮಾಡಿದರೆ ಓರೆಗೀಟಿನ ಪ್ರಶ್ನೆಯೇ ಏಳುವುದಿಲ್ಲ.

ಇಂತಹ ತೊಂದರೆ ಹಳ್ಳಿಯವರಾದ ನಮಗೆ ಮಾತ್ರ ಎಂದು ಸದಸ್ಯರು ಸಂಕೋಚಪಡಬೇಕಾಗಿಲ್ಲ. ಮನುಷ್ಯರ ವಂಶವಾಹಿಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಅವುಗಳಿಗೆ ಕೊಟ್ಟಿದ್ದ ‘ಮಾರ್ಚ್ 1’, ‘ಸೆಪ್ಟ್ 1’ ಎಂಬಂತಹ ಸಂಕ್ಷಿಪ್ತ ಹೆಸರುಗಳನ್ನು ಎಕ್ಸೆಲ್ ತಾರೀಕುಗಳಾಗಿ ಮಾಡುತ್ತಿತ್ತು. ವರ್ಷಗಟ್ಟಲೆ ಪರದಾಡಿ ಕೊನೆಗೆ 2020ರಲ್ಲಿ ಆ ವಂಶವಾಹಿಗಳ ಹೆಸರುಗಳನ್ನೇ ಬದಲಾಯಿಸಿದರು. ನಮ್ಮ ಸರ್ವೆ ನಂಬರುಗಳನ್ನು ಹಾಗೆ ಬದಲಾಯಿಸುವಂತಿಲ್ಲ. 2023ರಿಂದ ಈಚಿನ ಎಕ್ಸೆಲ್‌ನಲ್ಲಿ ಇಂತಹ ಕೆಲವು ತಾನಾಗಿ ಆಗುವ ಮಾರ್ಪಾಡುಗಳನ್ನು ನಿಲ್ಲಿಸುವ ಸೌಲಭ್ಯ ಬಂದಿದೆ. ಫೈಲ್, ಆಪ್ಷನ್ಸ್, ಡೇಟಾ ಎಂದು ಒಳಕ್ಕೆ ಹೋದರೆ ಸಿಗುತ್ತದೆ. ಮೊದಲಿನ ಸೊನ್ನೆ ಬೀಳುವುದು, ಉದ್ದನೆಯ ಸಂಖ್ಯೆ ಮೊಟಕಾಗುವುದು ಇವುಗಳಿಗೆ ಅದು ಒಳ್ಳೆಯದು. ಓರೆಗೀಟಿನ ಸರ್ವೆ ನಂಬರಿಗೆ ಮಾತ್ರ ಅದನ್ನು ನಂಬಿಕೊಳ್ಳದೆ ಮೇಲೆ ಹೇಳಿದ ಕ್ರಮವನ್ನೇ ಅನುಸರಿಸಿರಿ.

ಖಾತೆ ಸಂಖ್ಯೆ: ಹದಿನೈದರ ಗಡಿ

ಇದು ಎಲ್ಲಕ್ಕಿಂತ ಅಪಾಯದ ಭಾಗ, ನಿಧಾನವಾಗಿ ಓದಿರಿ.

ಎಕ್ಸೆಲ್ ಯಾವ ಸಂಖ್ಯೆಯಲ್ಲಿಯಾದರೂ ಮೊದಲ 15 ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಹದಿನಾರನೆಯದು ಏನೇ ಇರಲಿ, ಅದನ್ನು ಸೊನ್ನೆ ಮಾಡುತ್ತದೆ. ಕೆಲವು ಬ್ಯಾಂಕುಗಳ ಉಳಿತಾಯ ಖಾತೆಗೆ 16 ಅಂಕಿಗಳಿವೆ. ಅಂತಹ ಖಾತೆ 7ರಿಂದ ಕೊನೆಗೊಂಡರೂ 3ರಿಂದ ಕೊನೆಗೊಂಡರೂ ತಖ್ತೆಯಲ್ಲಿ ಸಂಖ್ಯೆಯಾಗಿ ಬರೆದರೆ ಕೊನೆಯದು ಸೊನ್ನೆಯೇ. ಇದಾದ ಮೇಲೆ ಯಾವ ಉಡುಪು ತೊಡಿಸಿದರೂ ಹೋದ ಅಂಕಿ ಬಾರದು.

ಆಧಾರ್ ಸಂಖ್ಯೆಯ ಕತೆ ಬೇರೆ. ಅದಕ್ಕೆ 12 ಅಂಕಿಗಳು. ‘ಜನರಲ್’ ಉಡುಪಿನಲ್ಲಿ 11 ಅಂಕಿಗಳಿಗಿಂತ ಹೆಚ್ಚಿನದನ್ನು ಯಂತ್ರ ಸಂಕ್ಷೇಪ ಮಾಡಿ, ಒಂದು ದಶಾಂಶ, ನಂತರ ರೋಮನ್ ಲಿಪಿಯ ‘ಇ’ ಅಕ್ಷರ, ನಂತರ +11 ಎಂದು ತೋರಿಸುತ್ತದೆ. ಹತ್ತರ ಹನ್ನೊಂದನೆಯ ಘಾತ ಎಂದು ಅದರ ಅರ್ಥ. ನೋಡಲು ಭಯವಾದರೂ ಒಳಗಿನ ಕಾಳು ಕೆಟ್ಟಿಲ್ಲ. ‘ನಂಬರ್’ ಉಡುಪು ತೊಡಿಸಿ ದಶಾಂಶ ಸ್ಥಾನಗಳನ್ನು ಸೊನ್ನೆ ಮಾಡಿದರೆ ಹನ್ನೆರಡೂ ಅಂಕಿ ಕಾಣುತ್ತವೆ. ಹೀಗೆ, ಕಾಣಲು ಕೆಟ್ಟದ್ದು ಒಳ್ಳೆಯದಾಗಿರಬಹುದು. ಕಾಣಲು ನೆಟ್ಟಗಿರುವ 16 ಅಂಕಿಯ ಖಾತೆ ಕೆಟ್ಟಿರಬಹುದು.

ಸೊನ್ನೆಯಿಂದ ಮೊದಲಾಗುವ ಸಂಖ್ಯೆಗಳದು ಮತ್ತೊಂದು ಬಗೆ. ಸಂಖ್ಯೆಯ ಮೊದಲಿಗೆ ಇರುವ ಸೊನ್ನೆಗೆ ಬೆಲೆಯಿಲ್ಲವೆಂದು ಯಂತ್ರ ಅದನ್ನು ತೆಗೆದುಹಾಕುತ್ತದೆ. ಕಲಬುರಗಿಯ ದೂರವಾಣಿ ಸಂಕೇತ 08472 ಎಂಬುದು 8472 ಆಗುತ್ತದೆ, ಚಿಕ್ಕಮಗಳೂರಿನ 08262 ಎಂಬುದು 8262 ಆಗುತ್ತದೆ. ದೂರವಾಣಿಗಾದರೆ ಹೇಗೋ ನಡೆದೀತು. ಖಾತೆಯ ಸಂಖ್ಯೆ ಸೊನ್ನೆಗಳಿಂದ ಮೊದಲಾಗುವ ಸಹಕಾರಿ ಬ್ಯಾಂಕುಗಳವರಿಗೆ ನಡೆಯದು. ಐ.ಎಫ್.ಎಸ್. ಸಂಕೇತದಲ್ಲಿ 11 ಅಕ್ಷರಗಳಿದ್ದು ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ರೋಮನ್ ‘ಓ’ ಅಕ್ಷರವನ್ನು ಒತ್ತುವವರು ಬಹಳ.

ಒಂದು ಊರಿನಲ್ಲಿ ಒಂದು ಎಕರೆ ಹತ್ತು ಗುಂಟೆ ತೋಟವನ್ನು ಒಬ್ಬರೇ ನೋಡಿಕೊಂಡು ಹೋಗುತ್ತಿರುವ ಸದಸ್ಯೆಯೊಬ್ಬರಿದ್ದಾರೆ. ಅವರಿಗೆ ಒಂದು ಕಚೇರಿಯಿಂದ ಮಂಜೂರಾದ ಮಳೆಹಾನಿಯ ಪರಿಹಾರ ತಿಂಗಳುಗಳಾದರೂ ಬರಲಿಲ್ಲ. ಅರ್ಜಿ ಸರಿಯಿತ್ತು, ಪಹಣಿ ಸರಿಯಿತ್ತು. ಅವರು ಪಾಸ್ ಪುಸ್ತಕ ಹಿಡಿದು ನಮ್ಮಲ್ಲಿಗೆ ಬಂದಾಗ, ಆ ಪಟ್ಟಿಯ ಪ್ರತಿ ತರಿಸಿ ನೋಡಿದೆವು. ಆ ಪುಟದಲ್ಲಿ 16 ಅಂಕಿಯ ಖಾತೆಗಳೆಲ್ಲವೂ ಸೊನ್ನೆಯಿಂದಲೇ ಕೊನೆಗೊಂಡಿದ್ದವು. ಅವರ ಪುಣ್ಯಕ್ಕೆ ಹಾಗೆ ಆದ ಸಂಖ್ಯೆಯ ಖಾತೆ ಯಾರದೂ ಇರಲಿಲ್ಲ, ಹಣ ಹಿಂದಿರುಗಿತ್ತು. ಇದ್ದಿದ್ದರೆ? ಬ್ಯಾಂಕಿನಿಂದ ಬ್ಯಾಂಕಿಗೆ ನೆಫ್ಟ್ ಮೂಲಕ ಹೋಗುವ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿಯೇ ಹೊರತು ಹೆಸರನ್ನು ನೋಡಿ ಅಲ್ಲ. ತಪ್ಪು ಸಂಖ್ಯೆ ಕೊಟ್ಟ ಹೊಣೆ ಕಳುಹಿಸಿದವರದೇ. ಆ ಹಣದಲ್ಲಿ ಆಕೆ ಆ ವರ್ಷದ ಕೊನೆಗೌಡರ ಕೂಲಿ ಕೊಡಬೇಕಾಗಿತ್ತು. ಕೊಡಲಾಗದೆ ಎರಡನೆಯ ಸಲದ ಔಷಧಿ ಹೊಡೆಸುವುದೇ ನಿಂತುಹೋಯಿತು. ತಖ್ತೆಯ ಉಡುಪಿನ ಮಾತು ಚಿಕ್ಕದೆಂದು ಭಾವಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಆದುದರಿಂದ ಖಾತೆ ಸಂಖ್ಯೆ, ಆಧಾರ್, ದೂರವಾಣಿ, ಸದಸ್ಯತ್ವ ಸಂಖ್ಯೆ ಇವುಗಳನ್ನು ಸಂಖ್ಯೆಗಳೆಂದೇ ಎಣಿಸಬೇಡಿ. ಯಾರೂ ಎರಡು ಖಾತೆ ಸಂಖ್ಯೆಗಳನ್ನು ಕೂಡಿಸುವುದಿಲ್ಲ, ಆಧಾರನ್ನು ಎರಡರಿಂದ ಭಾಗಿಸುವುದಿಲ್ಲ. ಅವು ಅಂಕಿಗಳಲ್ಲಿ ಬರೆದ ಹೆಸರುಗಳು. ಹೆಸರಿಗೆ ತೊಡಿಸುವ ‘ಟೆಕ್ಸ್ಟ್’ ಉಡುಪನ್ನೇ ಅವಕ್ಕೂ, ಬರೆಯುವ ಮುಂಚೆಯೇ, ತೊಡಿಸತಕ್ಕದ್ದು. ಆಗ ಮನೆಯ ಮೂಲೆಯಲ್ಲಿ ಚಿಕ್ಕ ಹಸುರು ತ್ರಿಕೋನ ಕಾಣಿಸಿ, ‘ಇದನ್ನು ಸಂಖ್ಯೆ ಮಾಡಲೇ?’ ಎಂದು ಯಂತ್ರ ಕೇಳುತ್ತದೆ. ಇಂತಹ ಅಂಕಣದಲ್ಲಿ ಅದರ ಮಾತಿಗೆ ಒಪ್ಪಬೇಡಿ.

ಇದೇ ಸಂದರ್ಭದಲ್ಲಿ ಎಳೆಯುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಒಂದೇ ಶಾಖೆಯ ಹತ್ತು ಸದಸ್ಯರಿದ್ದರೆ ಮೊದಲನೆಯವರ ಐ.ಎಫ್.ಎಸ್. ಸಂಕೇತ ಬರೆದು ಮನೆಯ ಮೂಲೆ ಹಿಡಿದು ಕೆಳಕ್ಕೆ ಎಳೆಯುತ್ತಾರೆ. ಯಂತ್ರ ಕೊನೆಯ ಅಂಕಿಯನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋಗುತ್ತದೆ. ಹತ್ತು ಸದಸ್ಯರಿಗೆ ಹತ್ತು ಶಾಖೆಗಳಾಗುತ್ತವೆ. ಎಳೆಯುವ ಬದಲು ಮನೆಗಳನ್ನೆಲ್ಲ ಆರಿಸಿ ಕಂಟ್ರೋಲ್ ಜೊತೆ ಡಿ ಒತ್ತಿದರೆ ಮೇಲಿನದೇ ಕೆಳಗೂ ಬರುತ್ತದೆ.

ಎಕರೆ, ಗುಂಟೆ, ಸೆಂಟ್ಸ್

ಜಮೀನಿನ ವಿಸ್ತೀರ್ಣ ಬರೆಯುವುದರಲ್ಲಿ ನಮ್ಮ ಜಿಲ್ಲೆಗಳಿಗೇ ವಿಶೇಷವಾದ ತೊಡಕಿದೆ. ಇದನ್ನು ಯಾವ ಇಂಗ್ಲಿಷ್ ಕೈಪಿಡಿಯಲ್ಲಿಯೂ ಹೇಳಿರುವುದಿಲ್ಲ.

ಮಲೆನಾಡಿನಲ್ಲಿ ಎಕರೆಗೆ 40 ಗುಂಟೆ. ಒಂದು ಎಕರೆ ಮೂವತ್ತು ಗುಂಟೆಯನ್ನು ನಾವು ರೂಢಿಯಲ್ಲಿ 1.30 ಎಂದು ಬರೆಯುತ್ತೇವೆ. ಈ ಚುಕ್ಕೆ ನಮಗೆ ಎಕರೆಗೂ ಗುಂಟೆಗೂ ನಡುವಿನ ಬೇಲಿ. ಯಂತ್ರಕ್ಕಾದರೋ ಅದು ದಶಾಂಶದ ಚುಕ್ಕೆ. ಮೊದಲಿಗೆ ಅದು ಕೊನೆಯ ಸೊನ್ನೆ ಬೇಡವೆಂದು 1.3 ಎಂದು ತೋರಿಸುತ್ತದೆ. ಓದಿದವರು ಒಂದು ಎಕರೆ ಮೂರು ಗುಂಟೆ ಎಂದುಕೊಳ್ಳುತ್ತಾರೆ; 27 ಗುಂಟೆ ಮಾಯ! ಎರಡು ದಶಾಂಶ ಸ್ಥಾನ ತೋರಿಸುವಂತೆ ಮಾಡಿದರೆ ಇದು 1.30 ಆಗುತ್ತದೇನೋ ನಿಜ. ಆದರೆ ಎರಡು ಎಕರೆ ಐದು ಗುಂಟೆಯನ್ನು 2.5 ಎಂದು ಬರೆದವರದು 2.50 ಆಗುತ್ತದೆ. ಐವತ್ತು ಗುಂಟೆ ಎಂಬುದು ಇದ್ದೀತೆ? ಐದು ಗುಂಟೆಯನ್ನು 05 ಎಂದೇ ಬರೆಯಬೇಕೆಂದು ಎಷ್ಟು ಹೇಳಿದರೂ ಎಲ್ಲರೂ ಬರೆಯುವುದಿಲ್ಲ.

ಕೂಡುವಾಗಂತೂ ಅನಾಹುತವೇ. ಒಬ್ಬ ಸದಸ್ಯರಿಗೆ ಮೂರು ತುಂಡು ಜಮೀನು ಇದೆಯೆನ್ನಿ: 1 ಎಕರೆ 30 ಗುಂಟೆ, 2 ಎಕರೆ 25 ಗುಂಟೆ, ಮತ್ತು 38 ಗುಂಟೆ. ತಖ್ತೆಯಲ್ಲಿ 1.30, 2.25, 0.38 ಎಂದು ಬರೆದು ಮೊತ್ತ ಕೇಳಿದರೆ 3.93 ಎನ್ನುತ್ತದೆ. ನಿಜವಾದ ಮೊತ್ತ 5 ಎಕರೆ 13 ಗುಂಟೆ. ಸುಮಾರು ಒಂದೂವರೆ ಎಕರೆ ತೋಟ ಕಾಗದದ ಮೇಲೆ ಕರಗಿಹೋಯಿತು. ವಿಮೆಯ ಕಂತು, ಪರಿಹಾರ, ಸಂಘದಿಂದ ಕೊಡುವ ಸಾಲದ ಮಿತಿ ಎಲ್ಲವೂ ವಿಸ್ತೀರ್ಣದ ಮೇಲೆಯೇ ನಿಂತಿವೆಯೆಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರಿಹಾರ ಸುಲಭ. ಎಕರೆಗೊಂದು ಅಂಕಣ, ಗುಂಟೆಗೊಂದು ಅಂಕಣ. ಮೂರನೆಯ ಅಂಕಣದಲ್ಲಿ ಎಕರೆಯನ್ನು 40ರಿಂದ ಗುಣಿಸಿ ಗುಂಟೆಯನ್ನು ಕೂಡಿಸುವ ಸೂತ್ರ. ಮೇಲಿನ ಉದಾಹರಣೆಯಲ್ಲಿ 70, 105, 38 ಗುಂಟೆಗಳಾಗುತ್ತವೆ, ಒಟ್ಟು 213. ಇದನ್ನು 40ರಿಂದ ಭಾಗಿಸಿದಾಗ ಬರುವ ಪೂರ್ಣಾಂಕ 5 ಎಕರೆ, ಉಳಿದ ಶೇಷ 13 ಗುಂಟೆ. ಪೂರ್ಣಾಂಕಕ್ಕೆ ‘ಇಂಟ್’ ಎಂಬ ಸೂತ್ರವೂ ಶೇಷಕ್ಕೆ ‘ಮಾಡ್’ ಎಂಬ ಸೂತ್ರವೂ ಇವೆ. ಹೆಕ್ಟೇರು ಕೇಳಿದವರಿಗೆ 5.325 ಎಕರೆಯನ್ನು 2.471ರಿಂದ ಭಾಗಿಸಿ ಸುಮಾರು 2.15 ಎಂದು ಕೊಡಬಹುದು.

ಇನ್ನು ಕೊಡಗು, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯ ಬಂಧುಗಳು ಎಕರೆಗೆ 100 ಸೆಂಟ್ಸ್ ಲೆಕ್ಕದವರು. ಅವರ 1.30 ನಿಜಕ್ಕೂ ದಶಾಂಶವೇ. ಯಂತ್ರ ಅವರ ಮೊತ್ತವನ್ನು ಸರಿಯಾಗಿಯೇ ಕೂಡುತ್ತದೆ. ಒಂದು ಗುಂಟೆಯೆಂದರೆ ಎರಡೂವರೆ ಸೆಂಟ್ಸ್. ಹಾಗಾಗಿ ಶೃಂಗೇರಿ ಕಡೆಯ 1.30 ಎಂಬುದು ಪುತ್ತೂರಿನ ಲೆಕ್ಕದಲ್ಲಿ 1.75. ಒಂದೇ ಪಟ್ಟಿಯಲ್ಲಿ ಎರಡೂ ಸೀಮೆಯವರಿದ್ದರೆ ಯಾವ ಅಳತೆಯೆಂದು ಅಂಕಣದ ತಲೆಬರಹದಲ್ಲಿ ಬರೆಯದೆ ಇರುವುದು ಅಕ್ಷಮ್ಯ. ಕಲಬುರಗಿ ಕಡೆ ಇಪ್ಪತ್ತು ಮೂವತ್ತು ಎಕರೆ ತೊಗರಿ ಹಾಕುವ ಒಕ್ಕಲಿಗರಿಗೆ ನಾಲ್ಕು ಗುಂಟೆ ಹೆಚ್ಚುಕಡಿಮೆಯಾದರೆ ಲೆಕ್ಕಕ್ಕೆ ಬಾರದಂತೆ. ನಮ್ಮಲ್ಲಿ ನಾಲ್ಕು ಗುಂಟೆ ಅಡಿಕೆಯೆಂದರೆ ಒಂದು ಮನೆಯ ವರ್ಷದ ದಿನಸಿ.

ಚಿಕ್ಕಪುಟ್ಟ ಬಾಧೆಗಳು

ಮನೆಯ ತುಂಬ ಏಣಿಯಂತಹ ಗುರುತುಗಳು ಸಾಲಾಗಿ ಬಂದರೆ ಹೆದರಬೇಡಿ. ಅಂಕಣ ಇಕ್ಕಟ್ಟಾಗಿದೆ ಎಂದಷ್ಟೇ ಅರ್ಥ. ತಲೆಬರಹದ ಗಡಿಯ ಮೇಲೆ ಎರಡು ಸಲ ಒತ್ತಿದರೆ ಅಗಲವಾಗುತ್ತದೆ.

ತೂಕದ ಅಂಕಣದ ಮೊತ್ತ ಸೊನ್ನೆ ಬರುವುದೆಂದು ಹಲವರು ದೂರುತ್ತಾರೆ. ‘48 ಕೆ.ಜಿ.’ ಎಂದು ಅಕ್ಷರ ಸೇರಿಸಿ ಬರೆದರೆ ಯಂತ್ರ ಅದನ್ನು ಹೆಸರೆಂದು ತಿಳಿದು ಮೊತ್ತದಲ್ಲಿ ಸೇರಿಸುವುದಿಲ್ಲ. ಕೆ.ಜಿ., ಕ್ವಿಂಟಾಲ್, ರೂಪಾಯಿ ಇವು ತಲೆಬರಹದಲ್ಲಿರಲಿ. ಮನೆಯಲ್ಲಿ ಬರಿಯ ಅಂಕಿಯಿರಲಿ. ಬೇರೆ ಕಡೆಯಿಂದ ನಕಲು ಮಾಡಿ ತಂದ ಅಂಕಿಗಳ ಹಿಂದೆ ಕಾಣದ ಖಾಲಿ ಜಾಗ ಅಂಟಿಕೊಂಡಿದ್ದರೂ ಹೀಗೆಯೇ ಆಗುತ್ತದೆ. ಇಲ್ಲಿ ಮಾತ್ರ ಹಸುರು ತ್ರಿಕೋನದ ಮಾತು ಕೇಳಿ ‘ಸಂಖ್ಯೆ ಮಾಡು’ ಎನ್ನಬಹುದು. ಮೂರು ಚೀಲ ಮೆಣಸಿಗೆ ‘3’ ಎಂದು ಬರೆದು ಜಾಗ ಬಿಟ್ಟು ರೋಮನ್ ಲಿಪಿಯ ‘ಪಿ’ ಹಾಕಿದವರ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆಯಾದದ್ದನ್ನು ನೋಡಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು.

ಬೋನಸ್ಸು ಹಂಚುವಾಗ ಪೈಸೆಯ ವ್ಯತ್ಯಾಸ ಬರುವುದು ಲೆಕ್ಕಪರಿಶೋಧಕರಿಗೆ ಪ್ರಿಯವಾದ ಪ್ರಶ್ನೆ. 1000 ರೂಪಾಯಿಯನ್ನು ಮೂವರಿಗೆ ಹಂಚಿದರೆ ಪ್ರತಿಯೊಬ್ಬರಿಗೆ 333.33 ಎಂದು ಕಾಣುತ್ತದೆ. ಕೈಯಲ್ಲಿ ಕೂಡಿದರೆ 999.99, ಯಂತ್ರ ಕೂಡಿದರೆ 1000.00. ಒಳಗೆ ಮುಗಿಯದ ಮೂರುಗಳ ಸಾಲನ್ನು ಇಟ್ಟುಕೊಂಡು ಹೊರಗೆ ಎರಡನ್ನು ಮಾತ್ರ ಅದು ತೋರಿಸಿದೆ. ‘ರೌಂಡ್’ ಸೂತ್ರದಿಂದ ಒಳಗಿನದನ್ನೂ ಎರಡು ಸ್ಥಾನಕ್ಕೆ ಕತ್ತರಿಸಿ, ಉಳಿದ ಒಂದು ಪೈಸೆಯನ್ನು ಯಾವ ಲೆಕ್ಕಕ್ಕೆ ಹಾಕಿದ್ದೀರೆಂದು ಬರೆಯಿರಿ. ಲಕ್ಷ ಕೋಟಿಗಳ ಅಲ್ಪವಿರಾಮ 12,34,567 ಎಂದು ಬಾರದೆ 1,234,567 ಎಂದು ಬರುವುದು ಯಂತ್ರದ ಪ್ರಾದೇಶಿಕ ಆಯ್ಕೆ ಭಾರತವೆಂದು ಇಲ್ಲದಿರುವುದರಿಂದ. ಅದನ್ನು ಕಂಟ್ರೋಲ್ ಪ್ಯಾನಲ್ಲಿನಲ್ಲಿ ಬದಲಾಯಿಸಿದರೆ ತಾರೀಕಿನ ಕ್ರಮವೂ ಜೊತೆಯಲ್ಲೇ ಸರಿಹೋಗುತ್ತದೆ.

ಕನ್ನಡದ ಹೆಸರುಗಳು

ಹಳೆಯ ಪಟ್ಟಿಗಳನ್ನು ತೆರೆದಾಗ ಹೆಸರುಗಳ ಜಾಗದಲ್ಲಿ ತಲೆಯ ಮೇಲೆ ಕೊಂಬು ಚುಕ್ಕೆಗಳಿರುವ ರೋಮನ್ ಅಕ್ಷರಗಳು ಕಾಣುವುದೇಕೆಂದು ಹಲವರು ಕೇಳಿದ್ದಾರೆ. ಇದೂ ಕಾಳು-ಚೀಟಿಯ ಕತೆಯೇ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಒಳಗೆ ಕೂಡಿಡುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತಗಳನ್ನು. ಅವಕ್ಕೆ ಕನ್ನಡದ ಉಡುಪು ತೊಡಿಸಿ ತೋರಿಸುತ್ತಿದ್ದವು. ಆ ಉಡುಪಿಲ್ಲದ ಯಂತ್ರದಲ್ಲಿ ತೆರೆದರೆ ಒಳಗಿನದು ಬಯಲಾಗುತ್ತದೆ. ಅಂದು ಕನ್ನಡದಲ್ಲಿ ಲೆಕ್ಕ ಬರೆಯಲು ಬೇರೆ ದಾರಿಯೇ ಇರಲಿಲ್ಲ. ಆ ತಂತ್ರಾಂಶಗಳ ಉಪಕಾರವನ್ನು ನಾವು ಮರೆಯಬಾರದು. ಆದರೆ ಯುನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ 1991ರಿಂದಲೇ ಕನ್ನಡಕ್ಕೆ ಅದರದೇ ಸ್ಥಾನವಿದೆ. ಈಗಿನ ನುಡಿಯಲ್ಲಿಯೂ ಬರಹದಲ್ಲಿಯೂ ಯುನಿಕೋಡಿನಲ್ಲಿ ಬರೆಯುವ ಆಯ್ಕೆಯಿದೆ. ಹಳೆಯ ಪಟ್ಟಿಗಳನ್ನು ಪರಿವರ್ತಿಸುವ ಸಾಧನವೂ ಇದೆ. ಅಕ್ಷರವಿನ್ಯಾಸವನ್ನು ಬರಿದೆ ‘ತುಂಗಾ’ ಎಂದು ಬದಲಾಯಿಸಿದರೆ ಏನೂ ಆಗದು, ಪರಿವರ್ತನೆಯನ್ನೇ ಮಾಡಬೇಕು.

ಯುನಿಕೋಡಿನಲ್ಲಿಯೂ ಒಂದು ಸೂಕ್ಷ್ಮವಿದೆ. ಕಣ್ಣಿಗೆ ಒಂದೇ ಆಗಿ ಕಾಣುವ ‘ಕೋ’ ಅಕ್ಷರವನ್ನು ಒಂದು ಸ್ವರಚಿಹ್ನೆಯಿಂದಲೂ ಬರೆಯಬಹುದು, ಚಿಹ್ನೆಯ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಯಂತ್ರಕ್ಕೆ ಅವೆರಡೂ ಬೇರೆ. ಹೆಸರು ಹುಡುಕಿದಾಗ ಇದ್ದರೂ ಇಲ್ಲವೆನ್ನುವುದಕ್ಕೆ ಇದೊಂದು ಕಾರಣ. ಅದಕ್ಕಿಂತ ಸಾಮಾನ್ಯವಾದದ್ದು ಕಾಗುಣಿತದ ಭೇದ. ನಮ್ಮ ಗುಮಾಸ್ತರ ಊರನ್ನೇ ತೆಗೆದುಕೊಳ್ಳಿ. ಒಂದು ಪಟ್ಟಿಯಲ್ಲಿ ಜೇವರ್ಗಿ, ಇನ್ನೊಂದರಲ್ಲಿ ಜೇವರಗಿ, ಮತ್ತೊಂದರಲ್ಲಿ ಜೆವರ್ಗಿ ಕಾಲನಿ. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದರೂ ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರೇ ನಿಂತಿದೆ. ಮನುಷ್ಯ ಓದಿದರೆ ಒಂದೇ ಊರೆಂದು ತಿಳಿಯುತ್ತಾನೆ, ಯಂತ್ರ ನಾಲ್ಕೈದು ಊರು ಮಾಡುತ್ತದೆ. ಆದುದರಿಂದ ಸದಸ್ಯರನ್ನು ಹುಡುಕುವುದು ಹೆಸರಿನಿಂದಲ್ಲ, ಸದಸ್ಯತ್ವ ಸಂಖ್ಯೆಯಿಂದ.

ಸಿ.ಎಸ್.ವಿ. ಎಂಬ ಜಾತಿಯ ಕಡತ ಬಂದರೆ ಅದನ್ನು ಎರಡು ಸಲ ಒತ್ತಿ ನೇರವಾಗಿ ತೆರೆಯಬೇಡಿ. ಹಾಗೆ ತೆರೆದರೆ ಸೊನ್ನೆ ಬೀಳುವುದು, ತಾರೀಕಾಗುವುದು, ಕನ್ನಡ ಕೆಡುವುದು ಮೂರೂ ಒಟ್ಟಿಗೆ ಆಗಬಹುದು. ಖಾಲಿ ತಖ್ತೆ ತೆರೆದು, ಡೇಟಾ ಎಂಬಲ್ಲಿಂದ ‘ಫ್ರಂ ಟೆಕ್ಸ್ಟ್’ ಎಂದು ಆಮದು ಮಾಡಿಕೊಂಡು, ಕಡತದ ಸಂಕೇತ ಯು.ಟಿ.ಎಫ್.-8 ಎಂದೂ ಅಂಕಣಗಳು ಟೆಕ್ಸ್ಟ್ ಎಂದೂ ಆರಿಸಬೇಕು. ಹಣ ಕೊಡದೆ ಸಿಗುವ ಲಿಬ್ರೆ ಆಫೀಸಿನ ಕ್ಯಾಲ್ಕ್ ತಖ್ತೆ ಇಂತಹ ಕಡತ ತೆರೆಯುವಾಗ ತಾನೇ ಈ ಪ್ರಶ್ನೆಗಳನ್ನು ಕೇಳುತ್ತದೆ. ಈ ಒಂದು ಗುಣಕ್ಕಾಗಿ ನಮಗೆ ಅದು ಮೆಚ್ಚುಗೆ.

ಇಷ್ಟೆಲ್ಲ ಮಾಡಿದ ಮೇಲೂ ಹಳೆಯ ಕಾಲದ ಒಂದು ಪದ್ಧತಿಯನ್ನು ಬಿಡಕೂಡದೆಂಬುದು ನಮ್ಮ ಅಭಿಪ್ರಾಯ. ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಒಬ್ಬರು ಪಾಸ್ ಪುಸ್ತಕ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕಬೇಕು. ಖಾತೆ ಸಂಖ್ಯೆಯನ್ನು ಕೊನೆಯ ಅಂಕಿಯಿಂದ ಹಿಂದಕ್ಕೆ ಓದಿದರೆ ತಪ್ಪು ಬೇಗ ಸಿಗುತ್ತದೆ.

ಮೇಲೆ ಹೇಳಿದ ಅಂಕಣಗಳಿಗೆ ತಕ್ಕ ಉಡುಪುಗಳನ್ನು ಮೊದಲೇ ತೊಡಿಸಿ, ಎಕರೆ-ಗುಂಟೆಯ ಸೂತ್ರಗಳನ್ನೂ ಹಾಕಿದ ಖಾಲಿ ತಖ್ತೆಯೊಂದನ್ನು ಸಂಘದ ಕಚೇರಿಯಲ್ಲಿ ಸಿದ್ಧವಿಟ್ಟಿದ್ದೇವೆ. ಬೇಕಾದ ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದು ಪಡೆದುಕೊಳ್ಳಬಹುದು, ಇದಕ್ಕೆ ಶುಲ್ಕವಿಲ್ಲ. ಬರುವಾಗ ಪಹಣಿಯ ಪ್ರತಿಯನ್ನೂ ಪಾಸ್ ಪುಸ್ತಕವನ್ನೂ ತರಬೇಕಾಗಿ ವಿನಂತಿ. ಗಣಕಯಂತ್ರದ ಗೊಡವೆಯೇ ಬೇಡವೆನ್ನುವವರ ಕೈಬರಹದ ಪಟ್ಟಿಗಳನ್ನು ಸಹ ಎಂದಿನಂತೆ ಸ್ವೀಕರಿಸಲಾಗುವುದು.